ಮಗುವಿನ ತಂದೆತಾಯಿ ಯಾರು? ಕರ್ನಾಟಕದ ಕಾನೂನು ಸಚಿವರಿಗೂ ಶಾಸಕರಿಗೂ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರು ಹಾಗೂ
ವಿಧಾನಮಂಡಲದ ಉಭಯ ಸದನಗಳ ಸದಸ್ಯರು,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಒಂದು ಮಗುವಿನ ತಂದೆತಾಯಿ ಯಾರು ಎಂಬ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಒಂದೆಡೆ ಓದಿಕೊಳ್ಳಬಹುದಾದ ಉತ್ತರವಿಲ್ಲ. ಉತ್ತರದ ಒಂದು ತುಂಡು 1872ರ ಸಾಕ್ಷ್ಯ ಕಾಯ್ದೆಯಿಂದ ಹೊರಟು 2023ರ ಭಾರತೀಯ ಸಾಕ್ಷ್ಯ ಅಧಿನಿಯಮಕ್ಕೆ ಹೆಚ್ಚುಕಡಿಮೆ ಇದ್ದ ಹಾಗೆಯೇ ಬಂದು ಸೇರಿದೆ. ಇನ್ನೊಂದು ತುಂಡು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಲ್ಲಿದೆ. ಮತ್ತೊಂದು ಅದೇ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿದೆ. ಉಳಿದವು 1969ರ ಜನನ ಮರಣ ನೋಂದಣಿ ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ, 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ ಮತ್ತು ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಗಳಲ್ಲಿ ಹಂಚಿಹೋಗಿವೆ. ಇವುಗಳಲ್ಲಿ ಬಹುಪಾಲು ಕಾಯ್ದೆಗಳು ಮೊದಲು ವಿಚಾರಿಸುವುದು ದೊಡ್ಡವರ ಸಮಾಚಾರವನ್ನು: ಮದುವೆಯಾಗಿತ್ತೇ, ಆ ಮದುವೆ ಊರ್ಜಿತವೇ, ಗಂಡ ಜೊತೆಗಿದ್ದನೇ, ಧರ್ಮ ಯಾವುದು. ಮಗುವನ್ನು ಎತ್ತಿ ಆಡಿಸಿದವರು, ಜ್ವರ ಬಂದಾಗ ರಾತ್ರಿಯೆಲ್ಲ ಎಚ್ಚರವಿದ್ದವರು, ಶಾಲೆಗೆ ಕೈಹಿಡಿದು ಕರೆದೊಯ್ದವರು ಯಾರು ಎಂಬುದು ಕೊನೆಗೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಈ ಪ್ರಶ್ನೆಯನ್ನು ಮಗುವಿನ ಕಡೆಯಿಂದ ಕೇಳುವ ಒಂದು ರಾಜ್ಯ ಕಾನೂನನ್ನು ಕರ್ನಾಟಕ ರೂಪಿಸಬೇಕು, ರೂಪಿಸಲು ಸಾಧ್ಯವೂ ಇದೆ ಎಂದು ಮನವರಿಕೆ ಮಾಡಿಕೊಡಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಬಹುಕಾಲದಿಂದ ಕೌಟುಂಬಿಕ ಪ್ರಕರಣಗಳನ್ನು ನಡೆಸುತ್ತ ಬಂದಿರುವ ವಕೀಲೆ. ನನ್ನ ಕಚೇರಿಗೆ ಬರುವವರಲ್ಲಿ ಮದುವೆಯಾಗದೆ ತಾಯಿಯಾದವರಿದ್ದಾರೆ, ಗಂಡ ಬಿಟ್ಟುಹೋದವರಿದ್ದಾರೆ, ತೀರಿಹೋದ ಮಗಳ ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರಿದ್ದಾರೆ, ಎರಡನೆಯ ಹೆಂಡತಿಯ ಮಕ್ಕಳಿದ್ದಾರೆ, ಈಚೆಗೆ ಸಲಿಂಗ ಜೋಡಿಗಳೂ ಬರುತ್ತಿದ್ದಾರೆ. ಇವರೆಲ್ಲರ ಸಂಸಾರಗಳನ್ನು ಆಧುನಿಕ ಎಂದು ಕರೆಯುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಇಂಥ ಮನೆಗಳು ಹಿಂದೆಯೂ ಇದ್ದವು. ಈಗ ವ್ಯತ್ಯಾಸವಾಗಿರುವುದು ಕಾಗದದ ವಿಷಯದಲ್ಲಿ. ಜನನ ನೋಂದಣಿ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಂದು ಜಾರಿಯಾದ ಮೇಲೆ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಸರ್ಕಾರಿ ಕೆಲಸ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲ ದಾಖಲೆಯಾಗಿದೆ. ಹಾಗಾಗಿ ಆ ಪತ್ರದಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬುದು ಒಂದು ಮಗುವಿನ ಬದುಕಿನುದ್ದಕ್ಕೂ ಹಿಂಬಾಲಿಸುವ ಸಂಗತಿಯಾಗಿದೆ.

ಸಾಕ್ಷ್ಯ ಅಧಿನಿಯಮದ 116ನೆಯ ಕಲಮಿನಿಂದ ಶುರುಮಾಡುತ್ತೇನೆ. ಹಳೆಯ ಕಾಯ್ದೆಯಲ್ಲಿ ಇದು 112ನೆಯ ಕಲಂ ಆಗಿತ್ತು. ಊರ್ಜಿತವಾದ ಮದುವೆ ನಡೆಯುತ್ತಿರುವಾಗ, ಅಥವಾ ಅದು ಕೊನೆಗೊಂಡು ತಾಯಿ ಮರುಮದುವೆಯಾಗದಿರುವ 280 ದಿನಗಳೊಳಗೆ ಹುಟ್ಟಿದ ಮಗು ಆ ಗಂಡನದೇ ಎಂಬುದಕ್ಕೆ ಆ ಹುಟ್ಟೇ ನಿರ್ಣಾಯಕ ಸಾಕ್ಷ್ಯ. ಗರ್ಭ ನಿಲ್ಲಬಹುದಾಗಿದ್ದ ಕಾಲದಲ್ಲಿ ಗಂಡಹೆಂಡಿರಿಗೆ ಸಂಪರ್ಕವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ಅದನ್ನು ಅಲ್ಲಗಳೆಯಬಹುದು. ಈ ನಿಯಮವನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಡಿಎನ್‌ಎ ಪರೀಕ್ಷೆಯನ್ನು ವಿಚ್ಛೇದನದ ಜಗಳದಲ್ಲಿ ಅಸ್ತ್ರವಾಗಿ ಬಳಸಲು ಹವಣಿಸುವ ಗಂಡಂದಿರ ಕೈಯಿಂದ ಎಷ್ಟೋ ಮಕ್ಕಳನ್ನು ಇದು ಕಾಪಾಡಿದೆ, ಸುಪ್ರೀಂ ಕೋರ್ಟ್ ಕೂಡ ಇಂಥ ಪರೀಕ್ಷೆಗೆ ಸಲೀಸಾಗಿ ಅನುಮತಿ ಕೊಡಬಾರದೆಂದು ಮತ್ತೆ ಮತ್ತೆ ಹೇಳಿದೆ. ನನ್ನ ತಕರಾರು ಇರುವುದು ಆ ರಕ್ಷಣೆಯ ಬಾಗಿಲು ಮದುವೆಯ ಮನೆಗೆ ಮಾತ್ರ ತೆರೆದಿರುವುದರ ಬಗ್ಗೆ. ಮದುವೆಯಾಗದೆ ಹತ್ತು ವರ್ಷ ಜೊತೆಗೆ ಬಾಳಿದವರ ಮಗುವಿಗೆ ಅದೇ ಮಟ್ಟದ ನಿಶ್ಚಿತತೆಯನ್ನು ಕೊಡುವ ಯಾವ ಕಲಮೂ ಇಲ್ಲ. ತಂದೆ ತಾನೇ ಮುಂದೆ ಬಂದು ಇದು ನನ್ನ ಮಗು ಎಂದು ಬರೆದುಕೊಡಲು ಸಿದ್ಧನಿದ್ದರೂ, ಅಂಥ ಘೋಷಣೆಯನ್ನು ಸ್ವೀಕರಿಸಿ ಅದಕ್ಕೆ ತೀರ್ಪಿನಷ್ಟು ತೂಕ ಕೊಡುವ ಕಚೇರಿಯೊಂದು ನಮ್ಮಲ್ಲಿಲ್ಲ.

ಪಾಲಕತ್ವದ ಮಾತು ಇನ್ನೂ ಹಳೆಯದು. 1956ರ ಕಾಯ್ದೆಯ 6ನೆಯ ಕಲಂ ಪ್ರಕಾರ ಹಿಂದೂ ಅಪ್ರಾಪ್ತ ಮಗುವಿನ ಸಹಜ ಪಾಲಕ ತಂದೆ. ತಾಯಿಯ ಸರದಿ ಆತನ ನಂತರದ್ದು. ಲೇಖಕಿ ಗೀತಾ ಹರಿಹರನ್ ಅವರು ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳನ್ನು ಕೊಳ್ಳಲು ಹೋದಾಗ ತಂದೆಯ ಸಹಿ ಕೇಳಲಾಯಿತು. ಅದರಿಂದ ಹುಟ್ಟಿದ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿದ್ದೂ ಮಗುವಿನ ಜವಾಬ್ದಾರಿ ಹೊರದಿದ್ದರೆ ತಾಯಿಯೇ ಪಾಲಕಿಯಾಗಬಹುದು ಎಂದು ಅರ್ಥೈಸಿತು. ಒಳ್ಳೆಯ ತೀರ್ಪು. ಆದರೆ ತಾಯಿಗೆ ಸಿಕ್ಕಿದ್ದು ತಂದೆಯ ಗೈರುಹಾಜರಿಯನ್ನು ಸಾಬೀತುಪಡಿಸಿದ ಮೇಲೆ ಸಿಗುವ ಹಕ್ಕು. ತಂದೆತಾಯಿ ಇಬ್ಬರೂ ಸಮಾನ ಪಾಲಕರಾಗಬೇಕೆಂದು ಕಾನೂನು ಆಯೋಗ 1989ರ ತನ್ನ 133ನೆಯ ವರದಿಯಲ್ಲೂ 2015ರ 257ನೆಯ ವರದಿಯಲ್ಲೂ ಹೇಳಿತು. ಕಲಂ ಇದ್ದಲ್ಲೇ ಇದೆ. ಬ್ಯಾಂಕಿನ ಕಿಟಕಿಯಲ್ಲಿ ಕೂತ ಗುಮಾಸ್ತರು ಸುಪ್ರೀಂ ಕೋರ್ಟಿನ ವ್ಯಾಖ್ಯಾನವನ್ನು ಓದಿರುವುದಿಲ್ಲ, ಅವರು ನೋಡುವುದು ನಮೂನೆಯನ್ನು, ನಮೂನೆ ನೋಡುವುದು ಕಲಮನ್ನು.

ಮದುವೆಯ ಹೊರಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಈ ಕಥೆಯ ಮುಖ್ಯ ಅಧ್ಯಾಯಗಳು ನಮ್ಮ ರಾಜ್ಯದಲ್ಲೇ ನಡೆದಿವೆ. ಊರ್ಜಿತವಲ್ಲದ ಮದುವೆಯ ಮಕ್ಕಳು, ಅಂದರೆ ಹೆಚ್ಚಾಗಿ ಮೊದಲ ಹೆಂಡತಿ ಇರುವಾಗಲೇ ಕಟ್ಟಿಕೊಂಡ ಎರಡನೆಯ ಹೆಂಡತಿಯ ಮಕ್ಕಳು, ಹಿಂದೂ ವಿವಾಹ ಕಾಯ್ದೆಯ 16ನೆಯ ಕಲಂ ಪ್ರಕಾರ ಸಕ್ರಮ ಸಂತಾನವೇ. ಅವರಿಗೆ ತಂದೆತಾಯಿಯ ಆಸ್ತಿಯಲ್ಲಿ ಹಕ್ಕುಂಟು. ಆದರೆ ಆ ಆಸ್ತಿಯೆಂದರೆ ಸ್ವಯಾರ್ಜಿತ ಮಾತ್ರವೋ, ಪಿತ್ರಾರ್ಜಿತದಲ್ಲಿ ತಂದೆಗೆ ಬರುವ ಪಾಲೂ ಸೇರುತ್ತದೋ ಎಂಬ ವಿವಾದ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು; ಉತ್ತರ ಬಂದದ್ದು 2023ರ ಸೆಪ್ಟೆಂಬರ್ 1ರಂದು. ತಂದೆಯ ಮರಣಕ್ಕೆ ತುಸು ಮುನ್ನ ಕುಟುಂಬದ ಆಸ್ತಿ ಪಾಲಾಗಿತ್ತೆಂದು ಭಾವಿಸಿಕೊಂಡರೆ (ಕಾಲ್ಪನಿಕ ವಿಭಾಗ) ಆತನಿಗೆ ಬರುತ್ತಿದ್ದ ಪಾಲಿನಲ್ಲಿ ಈ ಮಕ್ಕಳಿಗೂ ಹಕ್ಕಿದೆ, ಉಳಿದ ಬಂಧುಗಳ ಆಸ್ತಿಯಲ್ಲಿ ಇಲ್ಲ ಎಂಬುದು ಆ ತೀರ್ಪಿನ ಸಾರ. ಮೇಲ್ಮನವಿ ಸಲ್ಲಿಸಿದಾಗ ಶಾಲೆಗೆ ಹೋಗುತ್ತಿದ್ದ ಮಗುವೊಂದು ತೀರ್ಪಿನ ಹೊತ್ತಿಗೆ ತನ್ನ ಮಕ್ಕಳನ್ನು ಶಾಲೆಗೆ ಕಳಿಸುತ್ತಿರಬಹುದು. ಇದು ನ್ಯಾಯಾಲಯದ ಮೇಲಿನ ದೂರಲ್ಲ. ಶಾಸಕಾಂಗ ಒಂದು ವಾಕ್ಯದಲ್ಲಿ ಹೇಳಬಹುದಾಗಿದ್ದನ್ನು ಹೇಳದೆ ಬಿಟ್ಟಾಗ ಎಷ್ಟು ವರ್ಷ ಹಿಡಿಯುತ್ತದೆ ಎಂಬ ಲೆಕ್ಕ ಅಷ್ಟೆ.

ಇದೇ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2021ರಲ್ಲಿ ಕೊಟ್ಟ ತೀರ್ಪೊಂದನ್ನು ತಮ್ಮ ಗಮನಕ್ಕೆ ತರಬೇಕು. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಸುತ್ತೋಲೆಯೊಂದು, ಸೇವೆಯಲ್ಲಿದ್ದಾಗ ತೀರಿಹೋದ ನೌಕರನ ಎರಡನೆಯ ಹೆಂಡತಿಯ ಮಕ್ಕಳಿಗೆ ಅನುಕಂಪದ ನೌಕರಿಯನ್ನು ನಿರಾಕರಿಸುತ್ತಿತ್ತು. ನ್ಯಾಯಮೂರ್ತಿಗಳಾದ ಬಿ. ವಿ. ನಾಗರತ್ನ ಮತ್ತು ಹಂಚಾಟೆ ಸಂಜೀವಕುಮಾರ್ ಅವರ ಪೀಠ ಅದನ್ನು ಒಪ್ಪಲಿಲ್ಲ. ತನ್ನ ಹುಟ್ಟಿನಲ್ಲಿ ಮಗುವಿನ ಪಾತ್ರವೇನೂ ಇಲ್ಲ, ಅಕ್ರಮವೆನ್ನಬಹುದಾದ ತಂದೆತಾಯಿ ಇರಬಹುದೇ ಹೊರತು ಅಕ್ರಮ ಮಕ್ಕಳಿರಲಾರರು ಎಂಬರ್ಥದ ಮಾತನ್ನು ಆ ತೀರ್ಪಿನಲ್ಲಿ ಬರೆದ ಪೀಠ, ಎಲ್ಲ ಮಕ್ಕಳಿಗೂ ಸಮಾನ ಸ್ಥಾನಮಾನ ಕೊಡುವ ಕೆಲಸ ಶಾಸಕಾಂಗದ್ದೆಂದೂ ಸೂಚಿಸಿತು. ಆ ಕೆಲಸ ಇನ್ನೂ ಬಾಕಿಯಿದೆ. ಮದುವೆಯೆಂಬ ಶಾಸ್ತ್ರವೇ ನಡೆಯದ ಸಂಬಂಧದಲ್ಲಿ ಹುಟ್ಟಿದ ಮಗುವಿಗೆ 16ನೆಯ ಕಲಂ ಕೂಡ ಒದಗಿ ಬರುವುದಿಲ್ಲ. ಉತ್ತರಾಧಿಕಾರ ಕಾಯ್ದೆಯ 3ನೆಯ ಕಲಂ ಆ ಮಗುವನ್ನು ತಾಯಿಗೂ ಮದುವೆಯ ಹೊರಗೆ ಹುಟ್ಟಿದ ಆಕೆಯ ಇತರ ಮಕ್ಕಳಿಗೂ ಬಂಧುವೆಂದು ಪರಿಗಣಿಸುತ್ತದೆ, ತಂದೆಗೆ ಅಲ್ಲ. ತಂದೆ ಜೀವನಾಂಶ ಕೊಡಬೇಕು, ಆದರೆ ಆತ ಉಯಿಲು ಬರೆಯದೆ ತೀರಿಕೊಂಡರೆ ಅದೇ ಮಗು ವಾರಸುದಾರನಲ್ಲ. ಊಟ ಹಾಕುವಾಗ ಮಗ, ಪಾಲು ಹಂಚುವಾಗ ಪರಕೀಯ ಎನ್ನುವ ಈ ನಿಯಮವನ್ನು ಸಮರ್ಥಿಸಿಕೊಳ್ಳುವವರನ್ನು ನಾನು ನ್ಯಾಯಾಲಯದ ಹೊರಗೆ ಕಂಡಿಲ್ಲ.

ಉತ್ತರ ಕರ್ನಾಟಕದ ನಮಗೆ ಈ ನೋವಿನ ಇನ್ನೊಂದು ಮುಖವೂ ಗೊತ್ತು. ದೇವದಾಸಿ ಸಮರ್ಪಣೆಯನ್ನು ರಾಜ್ಯ 1982ರ ಕಾಯ್ದೆಯಿಂದಲೇ ನಿಷೇಧಿಸಿತ್ತು, ಆದರೆ ಆ ಕಾಯ್ದೆ ಸಮರ್ಪಣೆಯನ್ನು ಅಪರಾಧವೆಂದಿತೇ ಹೊರತು ಮದುವೆಯ ಹೊರಗೆ ಹುಟ್ಟಿದ ಮಕ್ಕಳ ಬಗ್ಗೆ ಏನನ್ನೂ ಹೇಳಲಿಲ್ಲ. ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರಿನ ಕಾಲಂ ಎದುರು ಪೆನ್ನು ಹಿಡಿದು ಸುಮ್ಮನಾಗುವ ತಾಯಂದಿರನ್ನು ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ರಾಯಚೂರು ಜಿಲ್ಲೆಗಳ ಯಾವ ಮುಖ್ಯಶಿಕ್ಷಕರನ್ನು ಕೇಳಿದರೂ ವಿವರಿಸಿಯಾರು. 2025ರಲ್ಲಿ ತಾವೆಲ್ಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ಈ ಮೌನವನ್ನು ಮುರಿದಿದೆ. ತಂದೆಯ ಹೆಸರಿಗಾಗಿ ಒತ್ತಾಯಿಸುವಂತಿಲ್ಲ ಎಂಬುದನ್ನೂ, ಮಗು ಬಯಸಿದರೆ ತಂದೆಯನ್ನು ಗುರುತಿಸಿ ಆಸ್ತಿಯಲ್ಲಿ ಹಕ್ಕು ಕೇಳಬಹುದೆಂಬುದನ್ನೂ ಅದು ಒಟ್ಟಿಗೆ ಒಪ್ಪಿಕೊಂಡಿತು. ಈ ಎರಡು ಮಾತುಗಳನ್ನು ಒಂದೇ ಕಾಯ್ದೆಯಲ್ಲಿ ಇಟ್ಟದ್ದು ಸಣ್ಣ ಸಾಧನೆಯಲ್ಲ. ಹೆಸರು ಹೇಳದಿರುವ ಸ್ವಾತಂತ್ರ್ಯ ತಾಯಿಗೆ, ಹೆಸರು ಕೇಳುವ ಸ್ವಾತಂತ್ರ್ಯ ಮಗುವಿಗೆ. ದೇವದಾಸಿ ತಾಯಂದಿರ ಮಕ್ಕಳಿಗೆ ನ್ಯಾಯವೆಂದು ಕಂಡದ್ದು ಉಳಿದ ಒಂಟಿ ತಾಯಂದಿರ ಮಕ್ಕಳಿಗೂ ನ್ಯಾಯವೇ ಅಲ್ಲವೇ? ನಾನು ಕೇಳುತ್ತಿರುವ ಕಾನೂನಿನ ಬೀಜ ಹೀಗೆ ತಮ್ಮ ಕೈಯಲ್ಲೇ ಇದೆ.

ವೈದ್ಯಕೀಯ ನೆರವಿನಿಂದ ಹುಟ್ಟುವ ಮಕ್ಕಳ ವಿಷಯಕ್ಕೆ ಬರುತ್ತೇನೆ. ವಿಚಿತ್ರವೆಂದರೆ, ತಂದೆತಾಯ್ತನವನ್ನು ರಕ್ತಕ್ಕೂ ಹೆರಿಗೆಗೂ ಗಂಟುಹಾಕದೆ ನಿರ್ಧರಿಸುವ ವಿಧಾನವನ್ನು ನಮ್ಮ ಸಂಸತ್ತು ಈಗಾಗಲೇ ಒಪ್ಪಿದೆ. ಬಾಡಿಗೆ ತಾಯ್ತನ ಕಾಯ್ದೆಯ ಪ್ರಕಾರ ಪ್ರಕ್ರಿಯೆ ಶುರುವಾಗುವ ಮೊದಲೇ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಂದ ತಂದೆತಾಯ್ತನ ಮತ್ತು ಸುಪರ್ದಿಯ ಆದೇಶ ಪಡೆಯಬೇಕು, ಮಗು ಹುಟ್ಟಿದ ಮೇಲೆ ಅದೇ ಜನನದ ದಾಖಲೆಗೆ ಆಧಾರ. ಹುಟ್ಟಿದ ಮಗು ಆ ದಂಪತಿಯ ಜೈವಿಕ ಮಗುವೆಂದೇ ಪರಿಗಣಿತ. ನೆರವಿನ ಸಂತಾನೋತ್ಪತ್ತಿ ಕಾಯ್ದೆಯಲ್ಲಿ ವೀರ್ಯ ಅಥವಾ ಅಂಡಾಣು ಕೊಟ್ಟ ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಉಳಿಯುವುದಿಲ್ಲ. ಮಗುವನ್ನು ಬಯಸಿ, ಹೊಣೆ ಹೊತ್ತು, ಅದಕ್ಕಾಗಿ ಮುಂದೆ ಬಂದವರೇ ತಂದೆತಾಯಿ ಎಂಬ ತತ್ವ ಇದು. ತತ್ವ ಸರಿಯಾಗಿದೆ, ಅದರ ಒಳಗೆ ಬಿಟ್ಟುಕೊಂಡವರ ಪಟ್ಟಿ ಕಿರಿದು. ಬಾಡಿಗೆ ತಾಯ್ತನಕ್ಕೆ ಮದುವೆಯಾದ ಗಂಡಹೆಂಡಿರು, ಅಥವಾ 35ರಿಂದ 45 ವಯಸ್ಸಿನ ವಿಧವೆ ಇಲ್ಲವೇ ವಿಚ್ಛೇದಿತೆ ಮಾತ್ರ ಅರ್ಹರು. ಮದುವೆಯೇ ಆಗದ ಹೆಣ್ಣುಮಗಳಿಗೆ ಇಲ್ಲ, ಒಂಟಿ ಗಂಡಸಿಗೆ ಇಲ್ಲ, ಸಲಿಂಗ ಜೋಡಿಗೆ ಇಲ್ಲ. ವಯಸ್ಸಿನ ಮಿತಿ ಎಷ್ಟು ಕುರುಡಾಗಬಹುದು ಎಂಬುದನ್ನು 2023ರಲ್ಲಿ ನಮ್ಮ ಹೈಕೋರ್ಟೇ ಕಂಡಿತು: ಅಪಘಾತದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡ ದಂಪತಿಯಲ್ಲಿ ಗಂಡನ ವಯಸ್ಸು 55ರ ಮಿತಿಯನ್ನು ದಾಟಿತ್ತು, ವಯಸ್ಸಿನ ಬದಲು ಅನುವಂಶಿಕ, ದೈಹಿಕ, ಆರ್ಥಿಕ ಸಾಮರ್ಥ್ಯಗಳ ಪರೀಕ್ಷೆ ನಡೆಯಲಿ ಎಂದು ನ್ಯಾಯಾಲಯ ದಾರಿ ತೋರಿಸಬೇಕಾಯಿತು.

ಜನನ ನೋಂದಣಿಯ 2023ರ ತಿದ್ದುಪಡಿ ಇಲ್ಲಿ ಹೊಸದೊಂದು ಗೊಂದಲವನ್ನೂ ತಂದಿದೆ. ಬಾಡಿಗೆ ತಾಯ್ತನದಿಂದ ಹುಟ್ಟಿದ ಮಗುವಿನ ಜನನದ ಮಾಹಿತಿಯನ್ನು ಜೈವಿಕ ಪೋಷಕರು ಕೊಡಬೇಕು ಎಂದು ಅದು ಹೇಳುತ್ತದೆ. 2024ರ ಫೆಬ್ರವರಿಯಲ್ಲಿ ತಿದ್ದಿದ ನಿಯಮಗಳ ಪ್ರಕಾರ, ವೈದ್ಯಕೀಯ ಕಾರಣವಿದ್ದರೆ ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣೀಕರಣದ ಮೇಲೆ ದಾನಿಯ ಅಂಡಾಣುವನ್ನು ಬಳಸಬಹುದು. ಹಾಗೆ ಬಳಸಿದಾಗ ಒಂಬತ್ತು ತಿಂಗಳು ಹೊತ್ತವಳು, ಅಂಡಾಣು ಕೊಟ್ಟವಳು, ಮನೆಗೆ ಕರೆದೊಯ್ಯುವವಳು ಹೀಗೆ ಮೂವರು ಮಹಿಳೆಯರಿರುತ್ತಾರೆ. ಒಂದು ಕಾಯ್ದೆ ಮೂರನೆಯವಳನ್ನೇ ತಾಯಿಯೆಂದು ಭಾವಿಸಿಕೊಂಡರೆ, ಇನ್ನೊಂದು ಕಾಯ್ದೆಯನ್ನು ಅಕ್ಷರಶಃ ಓದುವ ನೋಂದಣಾಧಿಕಾರಿ ಬೇರೆ ಕಡೆ ನೋಡಬಹುದು.

ಸಲಿಂಗ ಜೋಡಿಗಳ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಪೋಷಕರ ಸ್ಥಿತಿ ಇದಕ್ಕಿಂತ ಬಿಗಿಯಾಗಿದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಮೂವರ ಬಹುಮತದಿಂದ, ಮದುವೆಯಾಗದ ಜೋಡಿಗಳು ಒಟ್ಟಾಗಿ ದತ್ತು ಪಡೆಯಲಾಗದ ನಿಯಮವನ್ನು ಎತ್ತಿಹಿಡಿಯಿತು. ಹಾಗಾಗಿ ಇಬ್ಬರು ಹೆಂಗಸರು ಕೂಡಿ ಒಂದು ಮಗುವನ್ನು ಬೆಳೆಸುತ್ತಿದ್ದರೆ ಕಾನೂನಿನ ಪ್ರಕಾರ ಅವರಲ್ಲಿ ಒಬ್ಬಳು ಮಾತ್ರ ತಾಯಿ. ಆಕೆಗೆ ಏನಾದರೂ ಆದರೆ, ಮಗು ಅಮ್ಮ ಎಂದು ಕರೆಯುವ ಇನ್ನೊಬ್ಬಾಕೆ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಲಾರಳು. ಅದೇ ನ್ಯಾಯಾಲಯ 2022ರ ಆಗಸ್ಟಿನಲ್ಲಿ, ಶುಶ್ರೂಷಕಿಯೊಬ್ಬರ ಹೆರಿಗೆ ರಜೆಯ ಪ್ರಕರಣದಲ್ಲಿ, ಕುಟುಂಬವೆಂದರೆ ತಂದೆ, ತಾಯಿ, ಮಕ್ಕಳು ಎಂಬ ಒಂದೇ ಅಚ್ಚಿಗೆ ಕಾನೂನು ಅಂಟಿಕೊಳ್ಳಬಾರದು, ಮದುವೆಯಿಲ್ಲದ ಜೋಡಿಗಳದೂ ಸಲಿಂಗಿಗಳದೂ ಕುಟುಂಬವೇ ಎಂದು ಹೇಳಿತ್ತು. ಆ ಪೀಠದಲ್ಲಿ ಕೊಡಗಿನ ನ್ಯಾಯಮೂರ್ತಿ ಎ. ಎಸ್. ಬೋಪಣ್ಣ ಇದ್ದರು. ಎರಡು ತೀರ್ಪುಗಳ ನಡುವಿನ ಅಂತರವನ್ನು ತುಂಬಬೇಕಾದವರು ಶಾಸಕರು. ನೆರೆಯ ಕೇರಳದಲ್ಲಿ ಈ ಕೆಲಸ ತುಣುಕುತುಣುಕಾಗಿ ಹೈಕೋರ್ಟಿನ ಮೂಲಕ ಆಗುತ್ತಿದೆ: ಐವಿಎಫ್ (ಪ್ರನಾಳ ಶಿಶು ವಿಧಾನ) ಮೂಲಕ ತಾಯಿಯಾದ ಒಂಟಿ ಮಹಿಳೆಗೆ ತಂದೆಯ ಕಾಲಂ ಇಲ್ಲದ ಪ್ರತ್ಯೇಕ ನಮೂನೆ ಕೊಡಬೇಕೆಂದು 2021ರಲ್ಲಿ, ಟ್ರಾನ್ಸ್ ದಂಪತಿಯನ್ನು ತಂದೆ, ತಾಯಿ ಎಂದು ವಿಂಗಡಿಸದೆ ಪೋಷಕರು ಎಂದು ನಮೂದಿಸಬೇಕೆಂದು 2025ರಲ್ಲಿ ಅಲ್ಲಿ ಆದೇಶಗಳಾದವು. ರಾಜ್ಯ ನಾಗರಿಕ ಸೇವೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲಾತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ಕೊಟ್ಟ ಕರ್ನಾಟಕ, ಅವರು ಸಾಕುವ ಮಕ್ಕಳ ವಿಷಯದಲ್ಲಿ ನ್ಯಾಯಾಲಯದ ಆದೇಶಕ್ಕಾಗಿ ಕಾಯಬೇಕಾದದ್ದಿಲ್ಲ.

ಈ ಮಾತುಕತೆಯಲ್ಲಿ ಯಾರೂ ಹೆಚ್ಚಾಗಿ ನೆನೆಯದ, ಆದರೆ ಎಣಿಕೆಯಲ್ಲಿ ಬಹುಶಃ ಎಲ್ಲರಿಗಿಂತ ದೊಡ್ಡದಾಗಿರುವ ಗುಂಪು ಅಜ್ಜ, ಅಜ್ಜಿ, ಸೋದರಮಾವ, ದೊಡ್ಡಮ್ಮಂದಿರದು. ಕೋವಿಡ್ ಕಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ರಾಜ್ಯ 2021ರಲ್ಲಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ನೆರವು ಘೋಷಿಸಿತು. ಹಣ ಬಂತು, ಆದರೆ ಮಗುವನ್ನು ಸಾಕಿದವರಿಗೆ ಕಾನೂನಿನ ಸ್ಥಾನ ತಾನಾಗಿ ಬರಲಿಲ್ಲ. ನನ್ನ ಕಕ್ಷಿದಾರರಲ್ಲಿ ಒಬ್ಬ ಅಜ್ಜಿ, ಮೊಮ್ಮಗಳ ಹೆಸರಿಗೆ ಬಂದಿದ್ದ ವಿಮೆಯ ಹಣಕ್ಕಾಗಿ 1890ರ ಪಾಲಕರು ಮತ್ತು ಆಶ್ರಿತರ ಕಾಯ್ದೆಯಡಿ ಅರ್ಜಿ ಹಾಕಬೇಕೆಂದು ನಾನು ವಿವರಿಸಿದಾಗ, ‘ನಾನೇ ಸಾಕಿದ ಕೂಸಿಗೆ ನಾನು ಯಾರಂತ ಕೋರ್ಟ್ ಹೇಳಬೇಕೇನವ್ವಾ?’ ಎಂದು ಕೇಳಿದರು. ಕಾನೂನಿನ ಉತ್ತರ ಹೌದು ಎಂಬುದಾಗಿತ್ತು. ಮಲತಂದೆ, ಮಲತಾಯಿಯರ ಸ್ಥಿತಿಯೂ ಇಂಥದ್ದೇ. ಅವರಿಗೆ ದತ್ತು ಪಡೆಯುವ ದಾರಿ ಇದೆಯಾದರೂ, ಜನ್ಮ ಕೊಟ್ಟ ಇನ್ನೊಬ್ಬರ ಒಪ್ಪಿಗೆ ಸಿಗದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ.

ಇದೆಲ್ಲ ಕೇಂದ್ರದ ಕಾಯ್ದೆಗಳ ವಿಷಯ, ರಾಜ್ಯವೇನು ಮಾಡಬಲ್ಲದು ಎಂದು ತಮ್ಮ ಇಲಾಖೆಯಿಂದ ಉತ್ತರ ಬರಬಹುದೆಂಬ ಅಂದಾಜು ನನಗಿದೆ. ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯನ್ನು ದಯವಿಟ್ಟು ನೋಡಬೇಕು. ಅಪ್ರಾಪ್ತರು, ದತ್ತು, ಉತ್ತರಾಧಿಕಾರ 5ನೆಯ ನಮೂದಿನಲ್ಲಿವೆ, ಸಾಕ್ಷ್ಯ 12ನೆಯದರಲ್ಲಿ, ಜನನ ಮರಣ ನೋಂದಣಿ 30ನೆಯದರಲ್ಲಿ. ಇವೆಲ್ಲದರ ಮೇಲೂ ರಾಜ್ಯ ಶಾಸನ ಮಾಡಬಹುದು, ಕೇಂದ್ರದ ಕಾಯ್ದೆಯೊಂದಿಗೆ ಘರ್ಷಣೆಯಿದ್ದರೆ 254(2)ನೆಯ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯದಲ್ಲಿ ಜಾರಿಗೆ ತರಬಹುದು. ಇದು ನಮಗೆ ಹೊಸ ಹಾದಿಯಲ್ಲ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ವಿಧವೆಯರಿಗೂ ತಾಯಂದಿರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ವಿಭಾಗದಲ್ಲಿ ಪಾಲು ಕೊಟ್ಟಿತು, ಬ್ರಿಟಿಷ್ ಭಾರತದ ಶಾಸಕಾಂಗ ವಿಧವೆಯರ ಬಗ್ಗೆ ಮಾತ್ರ ಮಾತನಾಡಿದ್ದು ನಾಲ್ಕು ವರ್ಷ ಕಳೆದ ಮೇಲೆ. 1994ರ ಜುಲೈ 30ರಿಂದ ಕರ್ನಾಟಕದ ಹಿಂದೂ ಕುಟುಂಬಗಳಲ್ಲಿ ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಹದಾಯಾದಿಗಳಾದರು, ಅಂದರೆ ಗಂಡುಮಕ್ಕಳಂತೆಯೇ ಪಿತ್ರಾರ್ಜಿತದಲ್ಲಿ ಪಾಲುದಾರರಾದರು, ಇಡೀ ದೇಶಕ್ಕೆ ಆ ಹಕ್ಕು ಸಿಕ್ಕಿದ್ದು 2005ರಲ್ಲಿ. ಆಗಲೂ ಮನೆ ಒಡೆಯುತ್ತದೆ, ಅಣ್ಣತಂಗಿಯರು ಬೀದಿಗೆ ಬರುತ್ತಾರೆ ಎಂದವರಿದ್ದರು.

ಅಮೆರಿಕದ ರಾಜ್ಯಗಳಿಂದ ಕಲಿಯಬಹುದಾದದ್ದು ಒಂದಿದೆ. ಅಲ್ಲಿ ತಂದೆತಾಯ್ತನ ಮುಖ್ಯವಾಗಿ ರಾಜ್ಯಗಳ ವಿಷಯ. ಬೇರೆಬೇರೆ ರಾಜ್ಯಗಳು ಅಳವಡಿಸಿಕೊಳ್ಳಲೆಂದು ಅಲ್ಲಿನ ಏಕರೂಪ ಕಾನೂನು ಆಯೋಗ 1973ರಲ್ಲಿ ಮಾದರಿ ಕಾಯ್ದೆಯೊಂದನ್ನು ರಚಿಸಿತು, ತಂದೆತಾಯಿಗೆ ಮದುವೆಯಾಗಿದ್ದರೂ ಇಲ್ಲದಿದ್ದರೂ ಮಗುವಿನ ಹಕ್ಕು ಒಂದೇ ಎಂಬುದು ಅದರ ತಳಹದಿ. 2017ರ ಪರಿಷ್ಕರಣೆಯಲ್ಲಿ ಸಲಿಂಗ ದಂಪತಿಗಳನ್ನೂ, ರಕ್ತಸಂಬಂಧವಿಲ್ಲದೆಯೂ ಮಗುವನ್ನು ತಮ್ಮದೆಂದೇ ಬೆಳೆಸಿದವರನ್ನೂ ಒಳಗೊಳ್ಳಲಾಯಿತು. ಮಿಶಿಗನ್ ರಾಜ್ಯದಲ್ಲಿ 1988ರ ಕಾಯ್ದೆಯೊಂದರಿಂದಾಗಿ ಬಾಡಿಗೆ ತಾಯ್ತನದ ಒಪ್ಪಂದಗಳಿಗೆ ಬೆಲೆಯೇ ಇರಲಿಲ್ಲ, ತಮ್ಮದೇ ಅನುವಂಶಿಕ ಮಕ್ಕಳನ್ನು ದತ್ತು ಪಡೆಯುವ ಸ್ಥಿತಿ ದಂಪತಿಗಳಿಗೆ ಬಂದಿತ್ತು. ಗವರ್ನರ್ ಗ್ರೆಚೆನ್ ವಿಟ್ಮರ್ 2024ರ ಏಪ್ರಿಲ್‌ನಲ್ಲಿ ಸಹಿ ಹಾಕಿದ ಕಾಯ್ದೆಗಳು ಅದನ್ನು ಬದಲಿಸಿದವು. ಮ್ಯಾಸಚೂಸೆಟ್ಸ್‌ನ ಹೊಸ ಕಾಯ್ದೆ 2025ರ ಜನವರಿ 1ರಂದು ಜಾರಿಗೆ ಬಂತು. ಅವರ ಕಾಯ್ದೆಯನ್ನು ಎತ್ತಿ ತಂದು ಇಲ್ಲಿ ನೆಡಿ ಎನ್ನುತ್ತಿಲ್ಲ. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಹಣ ಕೊಟ್ಟು ಗರ್ಭ ಹೊರಿಸುವುದಕ್ಕೆ ಅವಕಾಶವಿದೆ, 2008ರಲ್ಲಿ ಗುಜರಾತಿನ ಆಣಂದದಲ್ಲಿ ಬಾಡಿಗೆ ತಾಯಿಯಿಂದ ಹುಟ್ಟಿ ಜಪಾನಿಗೂ ಭಾರತಕ್ಕೂ ನಡುವೆ ತಿಂಗಳುಗಟ್ಟಲೆ ಪೌರತ್ವವಿಲ್ಲದೆ ಉಳಿದ ಮಗುವಿನ ಪ್ರಕರಣ ಕಂಡ ನಾವು ಆ ವಿಷಯದಲ್ಲಿ ಎಚ್ಚರ ತಪ್ಪಬಾರದು. ಅವರಿಂದ ನಾನು ಬಯಸುವುದು ಒಂದೇ ಕಾಯ್ದೆಯಲ್ಲಿ, ಒಂದೇ ಕಡೆ, ಎಲ್ಲ ಬಗೆಯ ಮಕ್ಕಳಿಗೆ ಉತ್ತರ ಹೇಳುವ ಶಿಸ್ತನ್ನು.

ಅಂಥ ಕರ್ನಾಟಕ ಕಾಯ್ದೆಯಲ್ಲಿ ಮೊದಲಿಗೆ, ಮಗುವಿನ ಯಾವ ಹಕ್ಕೂ ತಂದೆತಾಯಿಯ ಮದುವೆಯ ಮೇಲೆ ನಿಲ್ಲುವುದಿಲ್ಲ ಎಂಬ ಮಾತು ಇರಬೇಕು, ಉತ್ತರಾಧಿಕಾರವೂ ಸೇರಿದಂತೆ. ತಂದೆತಾಯಿ ಇಬ್ಬರೂ ಏಕಕಾಲಕ್ಕೆ, ಸಮಾನವಾಗಿ ಪಾಲಕರಾಗಬೇಕು. ಮದುವೆಯಿಲ್ಲದ ತಂದೆ ಅಥವಾ ನೆರವಿನ ಸಂತಾನೋತ್ಪತ್ತಿಗೆ ಒಪ್ಪಿಗೆ ಕೊಟ್ಟ ಸಂಗಾತಿ ನೋಂದಣಾಧಿಕಾರಿಯ ಮುಂದೆ ಸ್ವಇಚ್ಛೆಯಿಂದ ಮಾಡುವ ಘೋಷಣೆಗೆ, ನಿಗದಿತ ಅವಧಿಯಲ್ಲಿ ಯಾರೂ ಪ್ರಶ್ನಿಸದಿದ್ದರೆ, ನ್ಯಾಯಾಲಯದ ತೀರ್ಪಿನ ಬಲ ಬರಬೇಕು. ಅಮೆರಿಕದ ಮಾದರಿ ಕಾಯ್ದೆ ಸಾಮಾನ್ಯವಾಗಿ ಎರಡು ವರ್ಷಗಳ ಗಡುವು ಇಡುತ್ತದೆ, ನಮಗೂ ಅಂಥ ಗಡುವು ಬೇಕು, ಇಲ್ಲದಿದ್ದರೆ ಹನ್ನೆರಡು ವರ್ಷದ ಮಗುವಿನ ತಂದೆತನವನ್ನು ಆಸ್ತಿಯ ಜಗಳದಲ್ಲಿ ದಾಯಾದಿಗಳು ಕೆದಕುತ್ತಲೇ ಇರುತ್ತಾರೆ. ಮಗುವಿನ ಮೂಲದ ಬಗ್ಗೆ ತಿಳಿಯುವ ಹಕ್ಕನ್ನು ಮಗುವಿಗೇ, ಅದು ಪ್ರಾಪ್ತವಯಸ್ಕವಾದ ಮೇಲೆ, ಕೊಡಬೇಕು. ಉಳಿದವರ ಕುತೂಹಲಕ್ಕೆ ರಕ್ತದ ಪರೀಕ್ಷೆ ನಡೆಯಬಾರದು.

ಸಾಕಿದವರಿಗೆ ತಂದೆತಾಯಿಯ ಸ್ಥಾನ ಕೊಡುವ ವಿಷಯದಲ್ಲಿ ನಾನು ಸ್ವಲ್ಪ ಬಿಗಿಯ ಪಕ್ಷದವಳು. ಮನೆಯಲ್ಲಿ ಇದ್ದವರೆಲ್ಲ ಹಕ್ಕು ಹೇಳುವಂತಾದರೆ ಅದರಿಂದ ಮೊದಲು ತೊಂದರೆಗೊಳಗಾಗುವವಳು ಒಂಟಿ ತಾಯಿಯೇ. ಬಿಟ್ಟುಹೋದ ಸಂಗಾತಿ ಮಗುವಿನ ನೆಪದಲ್ಲಿ ಆಕೆಯನ್ನು ಕಾಡಲು ಅದೊಂದು ದಾರಿಯಾದೀತು. ಆದ್ದರಿಂದ ಮಗುವಿನೊಂದಿಗೆ ಗಣನೀಯ ಕಾಲ ಒಂದೇ ಮನೆಯಲ್ಲಿ ಬಾಳಿರಬೇಕು, ಪ್ರತಿಫಲ ಪಡೆಯದೆ ಸಾಕಿರಬೇಕು, ಹೊರಗಿನವರೆದುರು ತನ್ನ ಮಗುವೆಂದೇ ನಡೆಸಿಕೊಂಡಿರಬೇಕು, ಇರುವ ತಾಯಿ ಅಥವಾ ತಂದೆ ಆ ನಂಟನ್ನು ಒಪ್ಪಿ ಬೆಳೆಸಿರಬೇಕು, ಮನೆಯೊಳಗೆ ಹಿಂಸೆಯ ಇತಿಹಾಸ ಇರಬಾರದು ಎಂಬ ಷರತ್ತುಗಳನ್ನು ಕಾಯ್ದೆಯಲ್ಲೇ ಬರೆದು, ತೀರ್ಮಾನವನ್ನು ಕೌಟುಂಬಿಕ ನ್ಯಾಯಾಲಯಕ್ಕೆ ಬಿಡುವುದು ಒಳಿತು. ಮೊಮ್ಮಕ್ಕಳನ್ನು ಸಾಕುವ ಅಜ್ಜಿಗೆ ಇಷ್ಟು ದೊಡ್ಡ ವ್ಯಾಜ್ಯ ಬೇಕಾಗಿಲ್ಲ. ಶಾಲೆ, ಆಸ್ಪತ್ರೆ, ಬ್ಯಾಂಕುಗಳಲ್ಲಿ ಸಹಿ ಹಾಕಲು ಸಾಕಾಗುವಂಥ ಆರೈಕೆದಾರರ ಪ್ರಮಾಣಪತ್ರವನ್ನು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯೇ ವಿಚಾರಣೆ ನಡೆಸಿ ಕೊಡುವಂತಾಗಬೇಕು.

ಇದು ನಮ್ಮ ಸಂಪ್ರದಾಯಕ್ಕೆ ಹೊರಗಿನದು ಎಂಬ ಆಕ್ಷೇಪಣೆ ಸದನದಲ್ಲಿ ಬಂದೇ ಬರುತ್ತದೆ. ಹಳೆಯ ಧರ್ಮಶಾಸ್ತ್ರಗಳು ಔರಸನಿಂದ (ಮದುವೆಯ ಹೆಂಡತಿಯಲ್ಲಿ ಹುಟ್ಟಿದ ಮಗ) ಹಿಡಿದು ದತ್ತಕ, ಕಾನೀನ, ಸಹೋಢ (ಮದುವೆಯ ವೇಳೆಗೇ ಗರ್ಭದಲ್ಲಿದ್ದ ಮಗ), ಅಪವಿದ್ಧ, ಸ್ವಯಂದತ್ತರವರೆಗೆ ಹನ್ನೆರಡು ಬಗೆಯ ಪುತ್ರರನ್ನು ಎಣಿಸಿದ್ದವು. ಅವರಿಗೆಲ್ಲ ಸಮಾನ ಹಕ್ಕು ಇತ್ತೆಂದು ಹೇಳುವ ಧೈರ್ಯ ನನಗಿಲ್ಲ, ಇರಲಿಲ್ಲ. ಆದರೆ ಕನ್ಯೆಯ ಮಗನಿಗೂ, ತಂದೆತಾಯಿ ತೊರೆದ ಕೂಸಿಗೂ, ತಾನೇ ಬಂದು ಮಗನಾಗುವೆನೆಂದ ಹುಡುಗನಿಗೂ ಮನೆಯಲ್ಲಿ ಒಂದು ಹೆಸರನ್ನು ಅವು ಹುಡುಕಿಟ್ಟಿದ್ದವು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಮಕ್ಕಳು ತಾಯಿಯ ಕುಟುಂಬದವರು, ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು, ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನದು. 1949ರಲ್ಲಿ ಮದ್ರಾಸ್ ಶಾಸಕಾಂಗ ಈ ಪದ್ಧತಿಗಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿತ್ತು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸದಸ್ಯರು ತಮ್ಮ ಸಹೋದ್ಯೋಗಿಗಳಿಗೆ ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು.

ಕಾಯ್ದೆಗೆ ಕಾಲ ಹಿಡಿಯುತ್ತದೆ, ರಾಷ್ಟ್ರಪತಿಗಳ ಅಂಕಿತಕ್ಕೆ ಇನ್ನಷ್ಟು. ಆ ತನಕ ಮಾಡಬಹುದಾದದ್ದೂ ಕಡಿಮೆಯಿಲ್ಲ. ಜನನ ನೋಂದಣಿಯ ನಿಯಮಗಳನ್ನು ಕೇಂದ್ರದ ಒಪ್ಪಿಗೆಯೊಂದಿಗೆ ರೂಪಿಸುವುದು ರಾಜ್ಯದ ಅಧಿಕಾರ. ಇ-ಜನ್ಮ ತಂತ್ರಾಂಶ ರಾಜ್ಯದ್ದು. ಒಂಟಿ ತಾಯಿಯ ಅಫಿಡವಿಟ್ಟೊಂದನ್ನೇ ಆಧರಿಸಿ ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲೇ ನಿರ್ದೇಶಿಸಿತ್ತು, ಪಾಸ್‌ಪೋರ್ಟ್ ಕಚೇರಿ 2016ರ ಡಿಸೆಂಬರಿನಿಂದ ಒಬ್ಬ ಪೋಷಕರ ಹೆಸರನ್ನು ಸಾಕೆನ್ನುತ್ತಿದೆ. ಆದರೂ ನಾಡಕಚೇರಿಯಲ್ಲಿ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರಿಲ್ಲದೆ ಮುಂದಿನ ಪುಟ ತೆರೆದುಕೊಳ್ಳದ ನಮೂನೆಗಳಿವೆ. ಇವನ್ನು ಸರಿಪಡಿಸಲು ಒಂದು ಸುತ್ತೋಲೆ ಮತ್ತು ತಂತ್ರಾಂಶದಲ್ಲಿ ಒಂದು ತಿದ್ದುಪಡಿ ಸಾಕು, ಸದನದ ಅನುಮತಿಯೂ ಬೇಡ.

ಆದ್ದರಿಂದ ತಮ್ಮಲ್ಲಿ ಎರಡು ಕೋರಿಕೆ. ಕಾನೂನು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕಂದಾಯ, ಶಾಲಾ ಶಿಕ್ಷಣ ಇಲಾಖೆಗಳು ಕೂಡಿ ನಮೂನೆಗಳ ಬದಲಾವಣೆಯನ್ನು ಬರುವ ಶೈಕ್ಷಣಿಕ ವರ್ಷದ ದಾಖಲಾತಿ ಶುರುವಾಗುವ ಮೊದಲು ಮುಗಿಸಬೇಕು. ಮಕ್ಕಳ ತಂದೆತಾಯ್ತನ ಮತ್ತು ಪಾಲಕತ್ವದ ಕರಡು ಮಸೂದೆಯನ್ನು ರಾಜ್ಯ ಕಾನೂನು ಆಯೋಗದಿಂದ ಸಿದ್ಧಪಡಿಸಿ, ಕನ್ನಡದಲ್ಲಿ ಪ್ರಕಟಿಸಿ, ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಮುನ್ನ ಸಾರ್ವಜನಿಕರ ಅಭಿಪ್ರಾಯಕ್ಕೆ ಇಡಬೇಕು. ದೇವದಾಸಿ ತಾಯಂದಿರು, ಅಜ್ಜಿಯರು, ದತ್ತು ಪೋಷಕರು, ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಗಳು ಬೆಂಗಳೂರಿಗೆ ಅಲೆಯದೆ ತಮ್ಮ ಜಿಲ್ಲೆಗಳಲ್ಲೇ ಅಹವಾಲು ಹೇಳಿಕೊಳ್ಳಲು ಸಭೆಗಳನ್ನು ನಡೆಸಿದರೆ, ಧಾರವಾಡದ ಸಭೆಗೆ ಬೇಕಾದ ಕಾನೂನು ಟಿಪ್ಪಣಿಗಳನ್ನು ಸಂಭಾವನೆಯಿಲ್ಲದೆ ಸಿದ್ಧಪಡಿಸಿಕೊಡಲು ನಾನೂ ನನ್ನ ಕಿರಿಯ ವಕೀಲರೂ ತಯಾರಿದ್ದೇವೆ.

ಇಂತು ತಮ್ಮ ವಿಶ್ವಾಸಿ,
ಕೌಟುಂಬಿಕ ನ್ಯಾಯಾಲಯದ ಒಬ್ಬ ವಕೀಲೆ
ಧಾರವಾಡ